ಬೆನಕಪ್ಪನ ಇದ್ದಿಲ ಸಂಸಾರ

ವಿಜ್ಞಾನ ಸರಿಯಾಗಿ ಓದದವನು ಇದನ್ನು ಹೇಳಹೊರಟಿದ್ದೇ ಅಧಿಕಪ್ರಸಂಗ. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು.

ಕೊಟ್ಟೂರಿನ ಬೆನಕಪ್ಪನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅಂಗಳದಲ್ಲಿ ಒಂದು ನೀಲಿ ಡ್ರಮ್ಮಿತ್ತು. ದಾವಣಗೆರೆಯ ಕಾಲೇಜೊಂದರ ಪುಷ್ಪಲತಾ ಮೇಡಂ ಪರೀಕ್ಷೆಗೆಂದು ತಂದಿಟ್ಟದ್ದು. ಅದರ ತುಂಬ ಇದ್ದಿಲು, ಇದ್ದಿಲಿನ ಮೈಮೇಲೆ ಲೋಳೆಯಾಗಿ ಅಂಟಿಕೊಂಡ, ಕಣ್ಣಿಗೆ ಕಾಣದ ಜೀವಿಗಳು. ಹೊಲಕ್ಕೆ ಹೊಡೆದ ಔಷಧಿ ಬೋರಿನ ನೀರಿಗೆ ಇಳಿದಿರುತ್ತದಲ್ಲ, ಆ ಚೂರುಪಾರನ್ನು ತಿಂದು ಅವು ನೀರನ್ನು ಚೊಕ್ಕ ಮಾಡುತ್ತವೆ. ಬ್ಲೀಚಿಂಗ್ ಪುಡಿ ತಾಗಿದರೆ ಮಾತ್ರ ಸಾಯುತ್ತವೆ. ಬೆನಕಪ್ಪ ದಿನಾ ಡ್ರಮ್ಮಿಗೆ ಸಣ್ಣಗೆ ನೀರು ಬಿಟ್ಟು, "ಉಂಡ್ರೇನ್ರಪಾ?" ಎಂದು ಕೇಳಿ ಆಮೇಲೆ ತಾನು ಉಣ್ಣುತ್ತಿದ್ದ. ತಿಂಗಳಿಗೊಮ್ಮೆ ಮೇಡಂ ಬಂದು ನೀರು ತುಂಬಿಕೊಂಡು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಎರಡನೇ ಕಪ್ಪು ಗೂಡಿನಿಂದ ಇಳಿಯುತ್ತಿದ್ದುದು ಅಂದು ಮಾತ್ರ.

ಮೇಡಂ ಬರುವ ದಿನ ಅವನು ಹಾಲು ತರಲು ಹೋದಾಗ ಪಕ್ಕದ ಮನೆಯ ಕಲ್ಯಾಣಮ್ಮ ಡ್ರಮ್ಮಿನ ಮುಚ್ಚಳ ತೆಗೆದಳು. ಇದ್ದಿಲೆಲ್ಲ ಲೋಳೆ ಹಿಡಿದಿತ್ತು. ಒಂಟಿ ಗಂಡಸು, ಬಂದವರೆದುರು ಮರ್ಯಾದೆ ಹೋದೀತೆಂದು ಕನಿಕರಪಟ್ಟು, ಅಷ್ಟನ್ನೂ ಬಂಡೆಯ ಮೇಲೆ ಸುರಿದು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಸಂಡಿಗೆಯಂತೆ ಹರವಿದಳು.

ಬೆನಕಪ್ಪ ಹಾಲಿನ ಚೊಂಬು ಹಿಡಿದೇ ಬಂಡೆಯತ್ತ ಓಡಿದ. "ಯಕ್ಕಾ, ಎಲ್ಲಾ ಸತ್ತು ಹೋದ್ವಲ್ಲ."

"ಯಾರು ಸತ್ರೋ? ಮನ್ಯಾಗ ನೀ ಒಬ್ಬಾವ ಅಲ್ಲೇನು ಇರೋದು?"

ಕೆಟ್ಟಿದೆಯೆಂದು ಗೊತ್ತಾದರೆ ಮೇಡಂ ಡ್ರಮ್ಮು ಒಯ್ದುಬಿಡುತ್ತಾರೆ, ಮತ್ತೆ ಇತ್ತ ಬರುವುದಿಲ್ಲ. ಅವನ ಹೆದರಿಕೆ ಅಷ್ಟೇ. ವಿಷಯ ತಿಳಿದ ಕಲ್ಯಾಣಮ್ಮ ಹೆಪ್ಪು ಹಾಕಿದರೆ ಮತ್ತೆ ಹುಟ್ಟುತ್ತವೆಂದು ಒಂದು ಸೌಟು ಮಜ್ಜಿಗೆ ತಂದಳು. ಅದನ್ನು ತಡೆಯುವಷ್ಟರಲ್ಲಿ ಎದುರಿನ ಎಸ್‌ಟಿಡಿ ಬೂತಿನ ಜಂಬಣ್ಣ ಬಂದ. ಬೇಕಾದ್ದು ಲೋಳೆ ತಾನೆ ಎಂದು ಬೇಲಿಯ ಲೋಳೆಸರ ಕೊಯ್ದ. ಮೂವರೂ ಕೂತು, ಕೂಸಿಗೆ ಎಣ್ಣೆ ಹಚ್ಚಿದಂತೆ, ಇದ್ದಿಲಿಗೆ ಲೋಳೆ ಹಚ್ಚಿ ಡ್ರಮ್ಮಿಗೆ ತುಂಬಿದರು. ಆ ಅಂಗಳದಲ್ಲಿ ಇಷ್ಟು ಮಂದಿ ಕೂತು ವರ್ಷಗಳೇ ಆಗಿದ್ದವು.

ಮೇಡಂ ಅಂದು ಬಸ್ಸಿನಲ್ಲಲ್ಲ, ಟೆಂಪೋದಲ್ಲಿ ಬಂದರು. ಇದ್ದಿಲನ್ನು ಬೆರಳಿನಿಂದ ಮುಟ್ಟಿ, ಚೆನ್ನಾಗಿ ಬೆಳೆದಿವೆ ಎಂದರು. ಹೋದ ಸಲದ ನೀರಿನಲ್ಲಿ ಔಷಧಿಯ ಸುಳಿವೇ ಇರಲಿಲ್ಲವಂತೆ. ಇಲ್ಲಿನ ಪರೀಕ್ಷೆ ಮುಗಿಯಿತು, ಡ್ರಮ್ಮು ಇನ್ನು ಹಡಗಲಿಗೆ.

ಬೆನಕಪ್ಪ ಡ್ರಮ್ಮಿನ ಮೇಲೆ ಕೈಯಿಟ್ಟ. "ಒಂದು ವ್ಯಾಳೆ ಸತ್ತಿದ್ವು ಅಂದ್ರ, ಮೇಡಂ?"

"ಮೊದ್ಲಿಂದ ಬೆಳೆಸ್ಬೇಕಿತ್ತು, ಇಲ್ಲೇ. ವಾರ ವಾರ ನಾನೇ ಬರ್ಬೇಕಿತ್ತು. ಪುಣ್ಯ, ಉಳಿದ್ವು."

"ಉಳಿದಿಲ್ರಿ. ಈ ಯಕ್ಕ ಬ್ಲೀಚಿಂಗ್ ಹಾಕಿ ತಿಕ್ಕ್ಯಾಳ. ಅದು ಲೋಳೆಸರ ಐತ್ರಿ."

ಮೇಡಂ ಕಲ್ಯಾಣಮ್ಮನತ್ತ ತಿರುಗಿದರು. ಬೆನಕಪ್ಪನ ಮರ್ಯಾದೆ ಉಳಿಸಲೇಬೇಕೆಂದು ಪಣತೊಟ್ಟಿದ್ದ ಆಕೆ, "ನಾ ಯಾಕ ಮುಟ್ಲಿ ಯವ್ವಾ ಮಂದಿ ಡ್ರಮ್ಮು?" ಎಂದಳು. ಜಂಬಣ್ಣ ಲೋಳೆಸರದ ಸಿಪ್ಪೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಬಿಟ್ಕೊಡೋಕೆ ಮನಸ್ಸಿಲ್ಲ ನಿಮ್ಗೆ, ಗೊತ್ತು ಬಿಡ್ರಿ" ಎಂದು ಮೇಡಂ ನಕ್ಕರು. ಟೆಂಪೋದವನಿಗೆ ಅವಸರವಿತ್ತು, ಚಹಾಕ್ಕೆ ನಿಲ್ಲಲಿಲ್ಲ.

ಡ್ರಮ್ಮು ಹೋದ ಮೇಲೆ ನೆರೆಯವರೂ ತಂತಮ್ಮ ಕೆಲಸಕ್ಕೆ ಎದ್ದರು. ಬೆನಕಪ್ಪ ಒಂದು ಕಪ್ಪು ಕುಡಿದ. ಇನ್ನೊಂದು ಕಟ್ಟೆಯ ಮೇಲೆ ಆರಿತು.

ಹಡಗಲಿಯಲ್ಲಿ ಆ ಇದ್ದಿಲಿನ ಮೇಲೆ ಮತ್ತೆ ಯಾರಾದರೂ ಹುಟ್ಟಿದರೋ ಇಲ್ಲವೋ, ನನಗೆ ತಿಳಿಯದು.