ಲೈಟ್ ಬಿಲ್ಲಿನ ಮ್ಯಾಲ ಹೆಸರು ಎಲ್ಲಿ ಬರಸ್ತೀರಿ?

ನಮ್ಮ ಗೋಕಾಕದ ಕಡೆ ದಾನಾ ಮಾಡೋ ಮಂದಿಗೆ ಕಡಿಮಿ ಇಲ್ಲ. ಬೇಡಿದ್ದೊಂದು ಬಿಟ್ಟು ಉಳಿದಿದ್ದೆಲ್ಲಾ ಕೊಡ್ತಾರ. ನಾ ಮಾತಾಡೂದು ಕಡಿಮಿ, ಇದನ್ನ ಇನ್ನೂ ಯಾರ ಮುಂದೂ ಹೇಳಿಲ್ಲ.

ನಮ್ಮ ಓಣ್ಯಾಗ ಪುಕ್ಕಟೆ ಓದಾಕ ಒಂದು ಧರ್ಮದ ವಾಚನಾಲಯ ಐತಿ. ನಡಸಾವ್ರು ರಿಟೈರ್ ಆದ ಮಾಸ್ತರ್ ಕಾಕಾ. ನಮ್ಮ ಮನ್ಯಾಗ ಇರೂದು ಒಂದ ಖೋಲಿ, ಅದ್ರಾಗ ಟಿ.ವಿ. ಹಿಂಗಾಗಿ ನಾ ಓದೂದು ಅಲ್ಲೇ, ಮೂಲ್ಯಾಗ ಕುಂತು. ಮೂರು ತಿಂಗಳ ಲೈಟ್ ಬಿಲ್ ಬಾಕಿ ಬಿದ್ದಿತ್ತು. ಕರೆಂಟ್ ಹೋದ್ರ ಬಾಗಲಾ ಹಾಕೂದ, ಅಂದಿದ್ರು ಕಾಕಾ.

ಐದನೇ ಗಡಿಯಾರ

ಮೂಡಲಗಿಯಿಂದ ಒಬ್ರು ಸಾಹುಕಾರ್ರು ಬಂದ್ರು. "ಏನ್ ಬೇಕು ಕೇಳ್ರಿ ಮಾಸ್ತರ್ರ," ಅಂದ್ರು.

"ಲೈಟ್ ಬಿಲ್ ಕಟ್ಟಿದ್ರ ಸಾಕ್ರಿ."

"ಕಟ್ಟೂಣಂತ. ಅದರ ಮ್ಯಾಲ ನನ್ನ ಹೆಸರು ಎಲ್ಲಿ ಬರಸ್ತೀರಿ?"

ಕಾಕಾ ಬಿಲ್ ಹಿಂದ ಮುಂದ ತಿರುವಿ ನೋಡಿದ್ರು. ಮರುದಿನ ಒಂದು ಗಡಿಯಾರ ಬಂತು, ಮುಳ್ಳಿನ ಹಿಂದ ಸಾಹುಕಾರ್ರ ಫೋಟೋ. ಗ್ವಾಡಿ ಮ್ಯಾಲ ಮೊದಲ ನಾಕು ದಾನದ ಗಡಿಯಾರ ಇದ್ದವು, ಬೆಲ್ಲದ ಬಾಗೇವಾಡಿ ಊರಿನ ಕಾಂಟ್ರ್ಯಾಕ್ಟರ್ರದೂ ಒಂದು. ಒಂದರ ಟೈಮ್ ಇನ್ನೊಂದಕ್ಕಿಲ್ಲ. ಸಣ್ಣ ಹುಡುಗಿಯೊಂದು ಟೈಮ್ ಎಷ್ಟ್ರಿ ಅಂತ ಕೇಳ್ತು.

"ಯಾರ್ದು ಬೇಕವಾ?" ಅಂದ್ರು ಕಾಕಾ. "ಸಾಹುಕಾರ್ರದೋ, ಕಾಂಟ್ರ್ಯಾಕ್ಟರ್ರದೋ?"

ಶಾಣ್ಯಾನ ಉಪದೇಶ

ಕಷ್ಟದಾಗಿರೋ ಸಂಸ್ಥೆಗಳು ತಮ್ಮ ಕಾಲ ಮ್ಯಾಲ ತಾವು ನಿಂದ್ರೂದು ಹೆಂಗ ಅಂತ ಹೇಳಾಕ ಹುಕ್ಕೇರಿಗೆ ಒಬ್ಬ ತಜ್ಞ ಬಂದಿದ್ದ. ಕಾಕಾನ ಕೂಡ ನಾನೂ ಬಸ್ ಹತ್ತಿದೆ. ಎಸಿ ಹಾಲಿನ್ಯಾಗ ನಿಂತು, "ಖರ್ಚು ಕಡಿಮಿ ಮಾಡ್ರಿ," ಅಂತ ಎರಡು ತಾಸು ಹೇಳಿದ. ನನಗ ಥಂಡಿ ಹತ್ತಿ ಹಲ್ಲು ಕಟಕಟ ಅನ್ನಾಕತ್ತಿದ್ವು.

ಕಾಕಾ ಎದ್ದು ನಿಂತು, "ನಮ್ದು ಲೈಟ್ ಬಿಲ್ ಒಂದ ಖರ್ಚ್ರಿ ಸರ," ಅಂದ್ರು.

"ಹಂಗಾದ್ರ ಮಾರಾಕ ಏನರ ಐತೇನು?"

"ಪುಸ್ತಕ ಅದಾವ್ರಿ."

"ಮತ್ತ ಯಾಕ ಚಿಂತಿ? ಅವನ್ನ ಮಾರ್ರಿ, ವಾಚನಾಲಯ ಉಳೀತೈತಿ."

ಮಂದಿ ಚಪ್ಪಾಳಿ ಹೊಡದ್ರು. ಖರೇನ ಹೊಡದ್ರು.

ಹೆಸರಿನ ದೀಪ

ಮುಂದಿನ ವಾರ ಲೈನ್‌ಮನ್ ಏಣಿ ತಂದ. "ನಾಳಿ ಮಟಾ ತಡೀತೇನ್ರಿ ಮಾಸ್ತರ್ರ, ಆಮ್ಯಾಲ ನನ್ನ ಕೈಯಾಗಿಲ್ಲ," ಅಂದ. ಕಾಕಾ ಕೀಲಿ ಹುಡಕಾಕ ಹತ್ತಿದ್ರು. ಆವಾಗ ನನ್ನ ಬಾಯಿ ತಾನ ತೆರೀತು.

"ಕಾಕಾ, ಬಿಲ್ಲಿನ ಮ್ಯಾಲ ಬ್ಯಾಡ್ರಿ. ಟ್ಯೂಬ್‌ಲೈಟಿನ ಕೆಳಗ ಸಾಹುಕಾರ್ರ ಹೆಸರು ಬರಸೂಣ."

ಸಂಜಿಗೆ ಬೋರ್ಡ್ ತಯಾರ್: 'ಈ ಬೆಳಕು ಸಾಹುಕಾರ್ರ ಧರ್ಮ.' ಕಾಕಾ ಅದರ ಫೋಟೋ ಕಳಿಸಿದ್ದ ತಡ, ಸಾಹುಕಾರ್ರು ಬಾಕಿ ಎಲ್ಲಾ ತುಂಬಿದ್ರು. ನಾಕು ದಿನಕ್ಕ ಬೀಗರನ್ನ ಕರಕೊಂಡು ನೋಡಾಕ ಬಂದ್ರು. ಮಟಮಟ ಮಧ್ಯಾಹ್ನ, ಲೈಟ್ ಆರಿಸಿತ್ತು.

"ಏನ್ರಿ ಮಾಸ್ತರ್ರ, ನನ್ನ ಹೆಸರಿನ ದೀಪ ಆರಸೀರಿ? ನಾ ಇನ್ನೂ ಜೀವಂತ ಅದೇನಿ."

ಅವತ್ತಿನಿಂದ ಅದು ಹಗಲೂ ಉರಿತೈತಿ. ಬಿಲ್ ದುಪ್ಪಟ್ಟ ಆತು. ಸಾಹುಕಾರ್ರು ತಿಂಗಳಾ ತಪ್ಪದ ತುಂಬತಾರ, ತಮ್ಮ ದೀಪ ಆರೀತಂತ ಅಂಜಿ.

ಇದು ಕಾಂಟ್ರ್ಯಾಕ್ಟರ್ರ ಕಿವಿಗೆ ಬಿತ್ತು. "ನನಗೂ ಒಂದು ದೀಪ ಕೊಡ್ರಿ, ವರ್ಷದ್ದು ಈಗ ತುಂಬತೇನಿ."

"ಉಳದಿದ್ದು ಪಾಯಖಾನಿ ಬಲ್ಬ್ ಒಂದ್ರಿ," ಅಂದ್ರು ಕಾಕಾ.

"ಇರ್ಲಿ ಬಿಡ್ರಿ. ಹೆಸರು ಮಾತ್ರ ದೊಡ್ಡದಾಗಿ ಬರಸ್ರಿ."

ಬರಸಿದ್ವಿ. ಈಗ ಓದ್ಕೋತ ಓದ್ಕೋತ ನಾ ಎದ್ರ, ಕಾಕಾ ಚಷ್ಮಾ ಮ್ಯಾಲಿಂದ ನೋಡಿ, "ಎಲ್ಲಿ ಹೊಂಟಿ ತಂಗಿ?" ಅಂತಾರ.

"ಕಾಂಟ್ರ್ಯಾಕ್ಟರ್ರ ಹಂತ್ಯಾಕ ಹೋಗಿ ಬರ್ತೇನ್ರಿ ಕಾಕಾ."