ನಮ್ಮ ಮಾವನವರು ಲೀಗಲ್ ಹೆಡ್ ಆದದ್ದು

"ಈ ಶರಣಬಸವ ಒಬ್ಬನೇ ಸಾಕು!"

ಎರಡು ವರ್ಷದ ಹಿಂದೆ ನೌಕರಿಗೆ ರಾಜೀನಾಮೆ ಬಿಸಾಕಿ ಮನೆಗೆ ಬಂದ ದಿನ ನಾನು ಎದೆ ತಟ್ಟಿಕೊಂಡು ಹೇಳಿದ ಮಾತಿದು. ವಿಡಿಯೊ ಗೇಮ್ ಮಾಡಲಿಕ್ಕೆ ದೊಡ್ಡ ಕಂಪನಿಗಳು ಐನೂರು ಮಂದಿಯನ್ನು ಇಟ್ಟುಕೊಳ್ಳುತ್ತವಂತೆ. ಐನೂರು ಮಂದಿ ಯಾಕ್ರಿ? ಜಾತ್ರೆ ಮಾಡ್ತಾರೇನು? ಚಿತ್ರ ಬರೆಯೋನು ನಾನು, ಕೋಡ್ ಬರೆಯೋನು ನಾನು, ಮಾರೋನು ನಾನು, ಚಹಾ ಮಾಡಿಕೊಂಡು ಕುಡಿಯೋನೂ ನಾನೇ!

"ಚಹಾ ಮಾಡೋದು ಯಾವಾಗ ಶುರು ಮಾಡಿದ್ರಿ?" ಎಂದಳು ನನ್ನ ಹೆಂಡತಿ ಉಮಾಶ್ರೀ. ಅವಳ ಕೈಯಲ್ಲಿ ನನಗಾಗಿ ಮಾಡಿದ ಆ ದಿನದ ಮೂರನೇ ಕಪ್ಪು ಇತ್ತು.

ದೊಡ್ಡ ಕೆಲಸಕ್ಕೆ ಕೈ ಹಾಕಿದವರು ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡಬಾರದು. ನಾನು ಕಪ್ಪು ತಗೊಂಡು ಕುಡಿದೆ.

ಸಂಭಾಜಿನಗರದ ನಮ್ಮ ಮನೆಗೆ ಎರಡು ಕೋಣೆ. ಅದರಲ್ಲಿ ಒಂದು ನಮ್ಮದಲ್ಲ. ಭಾಲ್ಕಿ, ಬಸವಕಲ್ಯಾಣದ ಕಡೆಯಿಂದ ಇಲ್ಲೇ ಹತ್ತಿರದ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನಕ್ಕೆ ಬರುವ ಬಂಧುಬಳಗವೆಲ್ಲ ಅಲ್ಲೇ ಇಳಿಯುತ್ತದೆ. ಉಳಿದ ಕೋಣೆಯ ಮೂಲೆಯಲ್ಲಿ, ಅಲ್ಮಾರಿಗೂ ಜೋಳದ ಚೀಲಕ್ಕೂ ನಡುವೆ ನನ್ನ ಕಂಪನಿಯ ಮುಖ್ಯ ಕಚೇರಿ! ಅಲ್ಲಿ ಕೂತು ನಾನು ಸೃಷ್ಟಿಸಿದ ಆಟದ ಹೆಸರು 'ಉಳ್ಳಾಗಡ್ಡಿ ಟೆಂಪೊ'. ಟೆಂಪೊದ ತುಂಬ ಉಳ್ಳಾಗಡ್ಡಿ ಹೇರಿಕೊಂಡು, ತಗ್ಗು ಇಳಿದು, ಚಡಾವು ಏರಿ, ಒಂದೂ ಬೀಳದಂತೆ ಪಿಂಪಳಗಾಂವ್ ಮಾರ್ಕೆಟ್ ಮುಟ್ಟಬೇಕು.

ಆಟ ಮಾರುಕಟ್ಟೆಗೆ ಬಂತು. ಸ್ವಲ್ಪ ಜನ ಆಡಿದರು. ಉಮಾ ಟೀಚರಾಗಿರುವ ಶಾಲೆಯ ಹುಡುಗರೂ ಆಡುತ್ತಿದ್ದರು. ದಿನಾ ಮುಂಜಾನೆ ಚಹಾದ ಜೊತೆಗೆ ಅವಳು ಒಂದೊಂದು ದೂರು ತಂದಿಡುತ್ತಿದ್ದಳು. "ಮೂರನೇ ಚಡಾವಿನ್ಯಾಗ ಟೆಂಪೊ ಸಿಗಬೀಳತದಂತ್ರಿ. ಸಾಲಿ ಹುಡುಗರು ಹೇಳಲತ್ತಾರ." ನಾನು ಗೊಣಗುತ್ತ ಸರಿ ಮಾಡುತ್ತಿದ್ದೆ.

ಎಲ್ಲ ಇತ್ತು, ಲಾಭ ಒಂದಿರಲಿಲ್ಲ. ಆಗ ನಮ್ಮ ಮಾವ ಗುರುಲಿಂಗಪ್ಪನವರು ಒಂದು ಗಡುವು ಹಾಕಿದರು. ಅವರು ವೈಜಾಪುರದಲ್ಲಿ ನಲವತ್ತು ವರ್ಷದಿಂದ ಬೇಳೆಕಾಳಿನ ಅಡತಿ ಅಂಗಡಿ ನಡೆಸಿಕೊಂಡು ಬಂದವರು.

"ದೀಪಾವಳಿ ಪಾಡ್ಯ ತನಕ ನೋಡ್ತೀನಿ ಅಳ್ಯಾರೇ. ಆಮ್ಯಾಲ ಸುಮ್ಮ ನಮ್ಮ ಗಾದಿ ಮ್ಯಾಲ ಬಂದು ಕೂಡ್ರಿ."

ತೊಗರಿ ಬ್ಯಾಳಿಗೂ ಕಡ್ಲಿ ಬ್ಯಾಳಿಗೂ ಇರುವ ವ್ಯತ್ಯಾಸ ನನಗೆ ಬಾಯಿಗೆ ಹೋದ ಮೇಲೆಯೇ ತಿಳಿಯೋದು. ಇನ್ನು ಜೀವಮಾನವೆಲ್ಲ ಆ ಗಾದಿಯ ಮೇಲೆ ಕೂತು ಕಾಳು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುವುದೇ? ನನ್ನ ಟೆಂಪೊ ಗತಿಯೇನು?

ಅಷ್ಟರಲ್ಲಿ ನಾಸಿಕದ ಒಂದು ಸಂಸ್ಥೆ ಗೇಮ್ ಮಾಡುವವರಿಗೆ ಎರಡು ವರ್ಷ ಹಣ ಕೊಟ್ಟು ಬೆನ್ನಿಗೆ ನಿಲ್ಲುತ್ತದೆಂದು ಗೊತ್ತಾಯಿತು. ಅರ್ಜಿ ಬರೆಯಲು ಕೂತೆ. ಆದರೆ ಒಂದೇ ಹೆಸರು ಬರೆದರೆ ಯಾರು ಕಿಮ್ಮತ್ತು ಕೊಡ್ತಾರೆ? ಕಂಪನಿ ಎಂದ ಮೇಲೆ ಮಂದಿ ಬೇಕು! ಕೂತಲ್ಲೇ ನೇಮಕಾತಿ ಮುಗಿಸಿದೆ. ಲೀಗಲ್ ಹೆಡ್: ಗುರುಲಿಂಗಪ್ಪ, ವೈಜಾಪುರ ಶಾಖೆ. ಸೌಂಡ್ ವಿಭಾಗದ ಮುಖ್ಯಸ್ಥೆ: ಚನ್ನಮ್ಮ, ಅಂದರೆ ನಮ್ಮ ಜೊತೆಗೇ ಇರುವ ನಮ್ಮವ್ವ. ಆಡುವವರ ದೂರು ಬರುವ ಕಸ್ಟಮರ್ ಕೇರ್ ಖಾತೆಗೆ ಮೊದಲ ದಿನದಿಂದಲೇ ಉಮಾಶ್ರೀಯ ಹೆಸರಿಟ್ಟಿದ್ದೆ. ಅದರ ಪಾಸ್‌ವರ್ಡ್ ಎರಡೇ ತಿಂಗಳಲ್ಲಿ ಮರೆತುಹೋಗಿತ್ತು. ಮರೆತದ್ದೇ ಒಳ್ಳೆಯದಾಯಿತು, ದೂರುಗಳ ಕಾಟವೇ ತಪ್ಪಿತು!

ಈ ಯಾರನ್ನೂ ನಾನು ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಸಂಸ್ಥೆಯವರು ಹನ್ನೊಂದು ಪುಟದ ನಿಯಮಾವಳಿ ಕಳಿಸಿದರು. ನಿಯಮ ಓದುವುದು ಯಜಮಾನರ ಕೆಲಸವೇ? ಲೀಗಲ್ ವಿಭಾಗಕ್ಕೆ ದಾಟಿಸಿದೆ. ಲೀಗಲ್ ವಿಭಾಗವೂ ನಾನೇ ಆದ್ದರಿಂದ ಅಲ್ಲಿಂದ ಐದೇ ನಿಮಿಷದಲ್ಲಿ ಉತ್ತರ ಹೋಯಿತು: "ಓದಿ ಒಪ್ಪಲಾಗಿದೆ. ಗುರುಲಿಂಗಪ್ಪ."

ಒಂದು ಶುಕ್ರವಾರ ಫೋನ್ ಬಂತು. ಸಂಸ್ಥೆಯ ಶಬಾನಾ ಮೇಡಂ.

"ನಾಳೆ ನಾಸಿಕದಿಂದ ಬರುತ್ತಿದ್ದೇನೆ. ದಾರಿಯಲ್ಲೇ ವೈಜಾಪುರ ಸಿಗುತ್ತದಲ್ಲ, ಮೊದಲು ನಿಮ್ಮ ಲೀಗಲ್ ಹೆಡ್ ಅವರನ್ನು ಭೇಟಿಯಾಗಿ, ಅಲ್ಲಿಂದ ನಿಮ್ಮ ಆಫೀಸಿಗೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಉಮಾಳ ಎದುರಿಗೆ ಎಲ್ಲ ಒದರಿಬಿಟ್ಟೆ.

"ನಮ್ಮಪ್ಪನ್ನ ವಕೀಲ ಮಾಡೀರಿ?"

"ಹೂಂ."

"ನನ್ನ ಹೆಸರೂ ಬರ್ದೀರೇನು?"

"ಕಸ್ಟಮರ್ ಕೇರ್... ಬರೇ ಹೆಸರಿಗೆ..."

ಅವಳು ಸಿಟ್ಟಾಗಲಿಲ್ಲ, ನಕ್ಕಳು. ನನಗೆ ಅದೇ ಹೆಚ್ಚು ಅಂಜಿಕೆಯಾಯಿತು.

ವೈಜಾಪುರಕ್ಕೆ ಫೋನ್ ಹಚ್ಚಿದೆ. "ಮಾವಾರೇ, ನಾಳಿ ಒಂದಿನ ನೀವು ನನ್ನ ಕಂಪನಿ ಲೀಗಲ್ ಹೆಡ್ ಆಗಬೇಕ್ರಿ."

"ನಾ ಏಳನೇತ್ತಾ ಫೇಲ್ ಇದ್ದೀನಿ, ಅಳ್ಯಾರೇ."

"ಅಡ್ಡಿಯಿಲ್ರಿ. ಏನ್ ಕೇಳಿದ್ರೂ 'ಕರಾರಿನ ಪ್ರಕಾರ' ಅಂದುಬಿಡ್ರಿ."

"ಸುಳ್ಳು ಹೇಳಬೇಕೇನು? ಹಣಿ ಮ್ಯಾಲ ವಿಭೂತಿ ಅದ ನನಗ."

"ನಿಮ್ಮ ಮಗಳ ಸಂಸಾರದ ಪ್ರಶ್ನಿ ಅದರಿ!"

ಆ ಕಡೆಯಿಂದ ಅಡತಿ ಅಂಗಡಿಯ ಗಂಭೀರ ದನಿ ಬಂತು. "ಆಯ್ತು. ಆದ್ರ ಕೇಳ್ರಿ, ನಾವು ಒಮ್ಮಿ ಮಾತು ಕೊಟ್ರ ಕೊಟ್ಟಂಗ. ನಲವತ್ತು ವರ್ಷದಾಗ ಮಾತು ತಿರುಗಿಸಿದವ ಅಲ್ಲ ಈ ಗುರುಲಿಂಗಪ್ಪ. ಬಜಾರದಾಗ ಯಾರಿಗರೆ ಕೇಳ್ರಿ."

"ಹಂಗೇ ಇರ್ರಿ ಮಾವಾರೇ! ನಾನೇ ಬಂದು ಬ್ಯಾಡ ಅಂದ್ರೂ ಬಿಡಬ್ಯಾಡ್ರಿ!"

ನಾಲಿಗೆ ಕುಲವನ್ನು ಹೇಳುತ್ತದಂತೆ. ನನ್ನ ನಾಲಿಗೆ ಅವತ್ತು ನನ್ನ ಹಣೆಬರಹವನ್ನೇ ಬರೆಯಿತು. ಅದೇ ಉತ್ಸಾಹದಲ್ಲಿ ಅವ್ವನಿಗೂ ಕಟ್ಟುನಿಟ್ಟಾಗಿ ಹೇಳಿದೆ: "ನಾಳಿ ನನಗ ಮಗ ಅನ್ನಬ್ಯಾಡ, ಸರ್ ಅನ್ನು. ಏನೇ ಆದ್ರೂ ಬಾಯಿ ಬಿಡಬ್ಯಾಡ."

ಶನಿವಾರ ಮಧ್ಯಾಹ್ನ ಮನೆ ಮುಂದೆ ಬಿಳಿ ಕಾರು ನಿಂತಿತು. ಮುಂದಿನ ಸೀಟಿನಿಂದ ಮಾವನವರು ಇಳಿದರು. ಹೊಸ ಧೋತರ, ಬಿಳಿ ಟೋಪಿ, ಕಿಸೆಯಲ್ಲಿ ಮೂರು ಪೆನ್ನು, ಬಗಲಲ್ಲಿ ಐದು ಕಿಲೊ ತೊಗರಿ ಬೇಳೆಯ ಚೀಲ! ಹಿಂದೆ ಇಳಿದ ಶಬಾನಾ ಮೇಡಂ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮುಖದಲ್ಲಿ ಬೆರಗೋ ಬೆರಗು.

"ನಿಮ್ಮ ಲೀಗಲ್ ಹೆಡ್ ಬಹಳ ಅನುಭವಿಗಳು," ಎಂದರು ಹಿಂದಿಯಲ್ಲಿ. ಕನ್ನಡ ಅವರಿಗೆ ತಿಳಿಯುತ್ತಿತ್ತು, ಓದಲಿಕ್ಕೂ ಬರುತ್ತಿತ್ತು, ಆಡಲಿಕ್ಕೆ ಮಾತ್ರ ಹಿಂದಿ. "ಇಡೀ ದಾರಿ ಒಪ್ಪಂದಗಳ ಬಗ್ಗೆಯೇ ಹೇಳಿದರು. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದರೆ ವ್ಯವಹಾರ ಮುಗಿಯಿತಂತೆ. ಕಾಗದವೇ ಬೇಡವಂತೆ!"

"ಕರಾರಿನ ಪ್ರಕಾರ," ಎಂದರು ಮಾವನವರು.

ಒಳಗೆ ಅವ್ವ ಸೆರಗಿನ ಮೇಲೆ ಹೆಡ್‌ಫೋನ್ ಹಾಕಿಕೊಂಡು ಜೋಳದ ಚೀಲದ ಪಕ್ಕ ವಿರಾಜಮಾನಳಾಗಿದ್ದಳು. ಶಬಾನಾ ಮೇಡಂ ಭಕ್ತಿಯಿಂದ ಕೇಳಿದರು: "ಅಮ್ಮಾ, ಆ ಟೆಂಪೊ ಎಂಜಿನ್ ಸದ್ದು ಅದ್ಭುತ! ಚಡಾವು ಏರುವಾಗ ಅದು ಏದುಸಿರು ಬಿಡುತ್ತದಲ್ಲ, ಹೇಗೆ ಮಾಡಿದಿರಿ?"

"ನಾ ಏನ್ ಮಾಡೀನಿ ಯವ್ವಾ? ಮಕ್ಕೊಂಡಿದ್ದೆ."

ಖರೇನೇ ಹೇಳಿದ್ದಳು ಪಾಪ. ಊಟವಾದ ಮೇಲೆ ಅವ್ವ ಹೊಡೆಯುವ ಗೊರಕೆಯನ್ನೇ ನಾನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡದ್ದು! ಮೇಡಂ ಮಾತ್ರ "ಎಷ್ಟು ವಿನಯ!" ಎಂದು ಡೈರಿಯಲ್ಲಿ ಬರೆದುಕೊಂಡರು. ನಾನು ಒಳಗೊಳಗೇ ಕುಣಿದೆ. ಗೆದ್ದೆ! ಗಾದಿಯ ಗಂಡಾಂತರ ತಪ್ಪಿತು!

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟವಾಯಿತು. ಮೇಡಂ ಕೈ ತೊಳೆದುಕೊಂಡು ಬಂದು ಫೈಲು ಮುಚ್ಚಿದರು. ಮುಖ ಸಣ್ಣದಾಗಿತ್ತು.

"ಒಂದು ಬೇಜಾರಿನ ಮಾತು ಹೇಳಬೇಕು. ನಮ್ಮ ಯೋಜನೆ ಒಬ್ಬರೇ ನಡೆಸುವ ಕಂಪನಿಗಳಿಗೆ ಮಾತ್ರ. ಮಾಲೀಕರು ಒಬ್ಬರು, ಹೆಚ್ಚೆಂದರೆ ಒಬ್ಬ ಸಹಾಯಕ. ನಿಯಮಾವಳಿಯ ಮೂರನೇ ಪುಟದಲ್ಲೇ ಇದೆ. ಅರ್ಜಿಯಲ್ಲಿದ್ದವು ಬರೀ ತೋರಿಕೆಯ ಹೆಸರಿರಬಹುದು ಎಂದುಕೊಂಡಿದ್ದೆ, ನೋಡಿದರೆ ನಿಮ್ಮದು ಇಷ್ಟು ದೊಡ್ಡ ಸಂಸ್ಥೆ, ವೈಜಾಪುರದಲ್ಲಿ ಶಾಖೆ ಬೇರೆ. ಕ್ಷಮಿಸಿ."

ಮೂರನೇ ಪುಟ! ನಾನು ಮೊದಲನೇ ಪುಟವನ್ನೂ ಓದಿರಲಿಲ್ಲವಲ್ಲ!

"ಮೇಡಂ!" ಎಂದು ಕಿರುಚಿದೆ. "ಇವರ್ಯಾರೂ ನೌಕರರಲ್ಲ! ಎಲ್ಲಾ ಸುಳ್ಳು! ಇವರು ನಮ್ಮ ಮಾವ!"

ಮಾವನವರು ಟೋಪಿ ಸರಿಮಾಡಿಕೊಂಡರು. "ಯಾರ ಮಾವ? ಕರಾರಿನ ಪ್ರಕಾರ ನಾನು ಲೀಗಲ್ ಹೆಡ್."

"ಮಾವಾರೇ, ಸಾಕ್ರಿ! ನಾಟಕ ಮುಗೀತು!"

"ಸಾಹೇಬ್ರೇ, ಕೆಲಸದ ಟೈಮಿನ್ಯಾಗ ಸಂಬಂಧ ತೆಗೀಬ್ಯಾಡ್ರಿ," ಎಂದು ನನಗೆ ಮಾತ್ರ ಕಾಣುವಂತೆ ಕಣ್ಣು ಹೊಡೆದರು. ಮಾತಿಗೆ ತಪ್ಪಿಲ್ಲ ನೋಡು ಎಂಬ ಹೆಮ್ಮೆ ಆ ಕಣ್ಣಿನಲ್ಲಿ!

ಅವ್ವನ ಕಡೆ ತಿರುಗಿದೆ. "ಇವರು ನಮ್ಮವ್ವ, ಮೇಡಂ! ಹೆತ್ತ ತಾಯಿ! ಅವ್ವಾ, ಹೇಳು, ನಾ ನಿನ್ನ ಮಗ ಅಲ್ಲೇನು?"

ಅವ್ವ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ಇವರು ನಮ್ಮ ಸರ್ ಇದ್ದಾರ ಯವ್ವಾ. ಮತ್ತೇನೂ ನನಗ ಗೊತ್ತಿಲ್ಲ."

ಒಂಬತ್ತು ತಿಂಗಳು ಹೊತ್ತ ತಾಯಿ! ಒಂದೇ ಮಾತಿನಲ್ಲಿ ನನ್ನನ್ನು ಪರದೇಶಿ ಮಾಡಿಬಿಟ್ಟಳು!

ಶಬಾನಾ ಮೇಡಂ ಎದ್ದು ನಿಂತರು. "ನಿಮಗೆ ನಾಚಿಕೆಯಾಗಬೇಕು. ಲಾಭಕ್ಕಾಗಿ ದುಡಿಯುವ ಹಿರಿಯರನ್ನೇ ಇಲ್ಲ ಎನ್ನುತ್ತೀರಾ?" ಚಪ್ಪಲಿಯಲ್ಲಿ ಕಾಲು ತೂರಿಸಿದರು. ನನಗೆ ವೈಜಾಪುರದ ಗಾದಿ, ತಕ್ಕಡಿ, ಸಾಲು ಸಾಲು ಚೀಲ ಎಲ್ಲ ಕಣ್ಣ ಮುಂದೆ ಬಂದವು. ನಿಜ ಹೇಳ್ತೀನಿ, ಅಳು ಬಂತು.

ಅಡುಗೆಮನೆಯಿಂದ ಉಮಾ ಕೈ ಒರೆಸಿಕೊಳ್ಳುತ್ತ ಬಂದಳು.

"ಕೂಡ್ರಿ ಮೇಡಂ. ಅವರು ನಮ್ಮಪ್ಪ, ಇವರು ನಮ್ಮತ್ತಿ. ನಮ್ಮ ಯಜಮಾನ್ರ ಕೂಡ ಯಾರ್ ಕೆಲಸ ಮಾಡ್ತಾರ್ರಿ? ಸಂಸಾರ ಮಾಡೋದೇ ನನಗ ಸಾಕಾಗ್ಯಾದ!"

ಮೇಡಂ ಮುಖದ ಮೇಲೆ ಮೊದಲ ಸಲ ನಂಬಿಕೆ ಮೂಡಿತು. ಉಮಾ ಅಪ್ಪನ ಕಡೆ ತಿರುಗಿ, "ಅಪ್ಪಾ, ಇವರಿಗೆ ನೀ ಕೊಟ್ಟ ಮಾತು ನಾ ಬಿಡಿಸಲತ್ತೀನಿ," ಎಂದಳು.

"ಮಗಳು ಬಿಡಿಸಿದ್ರ ಬಿಟ್ಟಂಗ," ಎಂದು ಮಾವನವರು ನಿಟ್ಟುಸಿರು ಬಿಟ್ಟು ಕಿಸೆಯ ಮೂರೂ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಅವ್ವ ಹೆಡ್‌ಫೋನ್ ಕಳಚಿ "ನನ್ನ ಕಿವಿ ನೋವಾಗಿ ಹ್ವಾದವು ಮಗನ," ಎಂದಳು. ಮತ್ತೆ ಮಗನಾದೆ!

"ಹಾಗಾದರೆ ಕಸ್ಟಮರ್ ಕೇರ್ ಉಮಾಶ್ರೀ?" ಮೇಡಂ ಕೇಳಿದರು.

"ಅದೂ ನಾನೇ ಮೇಡಂ! ಎಲ್ಲಾ ನಾನೇ! ಒಬ್ಬನೇ!"

"ಹೌದಾ? ಈ ಪತ್ರವೂ ನಿಮ್ಮದೇ?" ಮೇಡಂ ಮೊಬೈಲ್ ತೆಗೆದು ಓದಿದರು. "'ತಮ್ಮಾ, ಮೂರನೇ ಚಡಾವಿನಲ್ಲಿ ಟೆಂಪೊ ಸಿಗಬೀಳುವುದು ನಮ್ಮದೇ ತಪ್ಪು. ಮಾಡಿದವರು ಈಗ ಮಲಗಿದ್ದಾರೆ. ಎದ್ದ ಕೂಡಲೇ ಸರಿ ಮಾಡಿಸುತ್ತೇನೆ. ಅಲ್ಲಿಯವರೆಗೆ ನೀನು ಊಟ ಮಾಡಿ ಬಾ.' ಇಂಥವು ಇನ್ನೂರಕ್ಕೂ ಹೆಚ್ಚು ಇವೆ. ಆಟಕ್ಕಿಂತ ಈ ಉತ್ತರಗಳನ್ನು ಓದಲಿಕ್ಕೇ ಜನ ಬರುತ್ತಾರೆ. ನಾನು ಬಂದದ್ದೂ ಇವುಗಳಿಗಾಗಿಯೇ."

ಮೂರನೇ ಚಡಾವು! ಸಾಲಿ ಹುಡುಗರು!

ನಾನು ಬಾಯಿ ತೆರೆದು ಹೆಂಡತಿಯ ಮುಖ ನೋಡಿದೆ.

"ಪಾಸ್‌ವರ್ಡ್ ಜೋಳದ ಡಬ್ಬಿ ಮ್ಯಾಲ ಬರ್ದಿಟ್ಟು ಮರ್ತಿದ್ರಿ," ಎಂದಳು ಉಮಾ. "ಪಾಪ, ಹುಡುಗರು ಕೇಳಿ ಕೇಳಿ ಸಾಕಾಗಿದ್ರು. ನಿಮಗ ನೇರ ಹೇಳಿದ್ರ ಜಗಳಕ್ಕ ನಿಲ್ತಿದ್ರಿ."

ಒಂದೂವರೆ ವರ್ಷ ನಾನು ಒಬ್ಬನೇ ಎಂದು ಮೀಸೆ ತಿರುವುತ್ತಿದ್ದಾಗ, ನನ್ನ ತಪ್ಪಿಗೆಲ್ಲ ಮಂದಿಯ ಕ್ಷಮೆ ಕೇಳುತ್ತ ಕೂತಿದ್ದಳು ಈಕೆ. ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಮೇಡಂ ಮತ್ತೆ ಫೈಲು ತೆರೆದರು. "ಅಂದರೆ ಇಬ್ಬರು. ಒಬ್ಬರು ಮಾಲೀಕರು, ಒಬ್ಬರು ಸಹಾಯಕರು. ನಿಯಮಕ್ಕೆ ಸರಿಹೋಗುತ್ತದೆ. ಈಗ ಖರೆ ಹೇಳಿ, ಇಲ್ಲಿ ಮಾಲೀಕರು ಯಾರು?"

ಮಾವನವರ ಬೆರಳು ಮಗಳ ಕಡೆ ಹೋಯಿತು. ಅವ್ವನದು ಅದಕ್ಕೂ ಮೊದಲೇ ಹೋಗಿತ್ತು. ಮೂರನೆಯ ಬೆರಳೊಂದು ಉಮಾಳ ಕಡೆಗೇ ಚಾಚಿತ್ತು. ಯಾರದೆಂದು ನೋಡಿದರೆ, ನನ್ನದೇ!

ಕರಾರಾಯಿತು. ಕಾಗದದ ಮೇಲೂ ಆಯಿತು, ಮಾವನವರ ಸಮಾಧಾನಕ್ಕೆ ಟವೆಲ್ಲಿನ ಕೆಳಗೂ ಆಯಿತು. ಪಾಡ್ಯದ ದಿನ ವೈಜಾಪುರದ ಅಂಗಡಿಯಲ್ಲಿ ಪೂಜೆಗೆ ಹೋದಾಗ ಅವರು ಗಾದಿ ತೋರಿಸಿದರು. ನಾನು ಸೆಟೆದು ನಿಂತು ಹೇಳಿದೆ: "ನನಗ ನೌಕರಿ ಅದರಿ, ಮಾವಾರೇ!"

ನೌಕರಿ ಏನೋ ಇದೆ. ರಜೆ ಇಲ್ಲ. ಮೊನ್ನೆ ಭಾನುವಾರ ಮುಂಜಾನೆ ಆರಕ್ಕೇ ಎದ್ದು ಐದನೇ ಚಡಾವಿನ ರಿಪೇರಿಗೆ ಕೂತವನಿಗೆ ತಾಳ್ಮೆ ತಪ್ಪಿತು. ನಮ್ಮ ಕಂಪನಿಯ ಕಸ್ಟಮರ್ ಕೇರ್‌ಗೆ ನಾನೇ ಒಂದು ದೂರು ಬರೆದೆ: "ಇಲ್ಲಿ ಸಹಾಯಕರಿಗೆ ಬಹಳ ಅನ್ಯಾಯವಾಗುತ್ತಿದೆ. ವಾರಕ್ಕೊಂದು ರಜೆ ಬೇಕು."

ಎರಡೇ ನಿಮಿಷದಲ್ಲಿ, ಹಾಸಿಗೆಯ ಕಡೆಯಿಂದಲೇ ಉತ್ತರ ಬಂತು:

"ತಮ್ಮಾ, ನಿಮ್ಮ ದೂರು ಮುಟ್ಟಿದೆ. ಮಾಲೀಕರು ಈಗ ಮಲಗಿದ್ದಾರೆ. ಅವರು ಏಳುವುದರೊಳಗೆ ಚಹಾ ಮಾಡಿಡಿ."

ಮಾಡಿಟ್ಟೆ ನೋಡ್ರಿ. ಒಬ್ಬನೇ!