ಎಡಗಡೆ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬೆಳಿಗ್ಗೆ ಹಲ್ಲುಜ್ಜುತ್ತ ಬಾಲ್ಕನಿಗೆ ಬಂದು ಕೆಳಗೆ ನೋಡಿದವರು, ಪೇಸ್ಟಿನ ನೊರೆಯನ್ನು ಹಾಗೇ ನುಂಗಿಬಿಟ್ಟರು. ಅವರ ಸ್ಕೂಲ್ ಕಾರಿನ ಪಕ್ಕ, ನಿನ್ನೆಯವರೆಗೆ ಖಾಲಿ ಬಿದ್ದಿದ್ದ ಜಾಗದಲ್ಲಿ, ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅದರ ಪಕ್ಕದಲ್ಲಿ ತಲೆಯ ಮೇಲೆ ಬೋರ್ಡು ಹೊತ್ತ ಅವರ ಬಿಳಿ ಕಾರು, ಮದುವೆ ಫೋಟೋದಲ್ಲಿ ತಪ್ಪಿ ಬಂದು ನಿಂತ ಅಡುಗೆಯವನ ಹಾಗೆ ಕಾಣುತ್ತಿತ್ತು.

“ಏನ್ರೀ, ಬಾಯಿ ಮುಕ್ಕಳಿಸದೆ ಕಂಬದ ಹಾಗೆ ನಿಂತ್ರಿ?” ಎಂದು ಹೆಂಡತಿ ಹೊರಗೆ ಬಂದಳು.

“ಕಾರು,” ಎಂದರು ಮೇಷ್ಟ್ರು.

ಅವಳು ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಒಳಗೆ ಹೋದಳು. ಅವಳಿಗೆ ಗೊತ್ತಿತ್ತು. ಬೀರುವಿನ ಬಾಗಿಲ ಒಳಗಡೆ, ಮೇಷ್ಟ್ರ ಪ್ಯಾಂಟುಗಳ ಹಿಂದೆ, ಯಾವುದೋ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಇಂಥದೇ ಒಂದು ಕಾರಿನ ಚಿತ್ರವಿತ್ತು. ಮದುವೆಗೆ ಮುಂಚೆ ಅಂಟಿಸಿದ್ದು. ಮನೆಗಳು ಬದಲಾದವು, ಬೀರು ಬದಲಾಗಲಿಲ್ಲ. ಚಿತ್ರದ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಆಸೆ ಮಾತ್ರ ಮಾಸಿರಲಿಲ್ಲ.

ಮೇಷ್ಟ್ರ ಬದುಕಿನ ತಮಾಷೆ ಏನೆಂದರೆ, ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಅವರು ತಾವಾಗಿ ಕಾರು ಓಡಿಸಿದ್ದು ಅಪರೂಪ. ಅವರ ಜಾಗ ಎಡಗಡೆ ಸೀಟು. ಕಲಿಯುವವರು ಬಲಗಡೆ ಕೂತು ಸ್ಟೀರಿಂಗ್ ಹಿಡಿದರೆ, ಎಡಗಡೆ ಮೇಷ್ಟ್ರ ಕಾಲ ಬಳಿ ಇನ್ನೊಂದು ಬ್ರೇಕು. ಕಲಿಯುವವರು ಯಾರದಾದರೂ ಕಾಂಪೌಂಡಿಗೆ ನುಗ್ಗುವ ಮುಂಚೆ ಒತ್ತಲಿಕ್ಕೆ. ಬ್ರೇಕು ಮಾತ್ರ, ಆಕ್ಸಿಲರೇಟರ್ ಇಲ್ಲ. ಹೀಗಾಗಿ ಅವರ ಬಲಗಾಲಿಗೆ ನಿಲ್ಲಿಸುವುದೊಂದೇ ಕಸುಬು. ಬಸ್ಸಿನಲ್ಲಿ ಕೂತರೂ ಅದು ಒತ್ತುತ್ತಿತ್ತು, ಸಿನಿಮಾ ನೋಡುವಾಗಲೂ ಒತ್ತುತ್ತಿತ್ತು, ನಿದ್ದೆಯಲ್ಲಿ ಒತ್ತಿ ಹೆಂಡತಿಯಿಂದ ಬೈಸಿಕೊಂಡದ್ದೂ ಇತ್ತು. ಬಿಲ್ಡಿಂಗಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಬ್ರೇಕ್ ಮೇಷ್ಟ್ರು ಎಂದೇ.

ಬಾಗಿಲ ಗಂಟೆ ಸದ್ದು ಮಾಡಿತು. ಬಿಲ್ಡಿಂಗಿನ ಸೆಕ್ರೆಟರಿ. ಇನ್ಶೂರೆನ್ಸ್ ಏಜೆಂಟರಾದ್ದರಿಂದ ಎಲ್ಲದರಲ್ಲೂ ಅಪಘಾತವನ್ನೇ ಕಾಣುವ ಮನುಷ್ಯ.

“ಮೇಷ್ಟ್ರೇ, ತಕ್ಷಣ ಕೆಳಗೆ ಬನ್ನಿ. ಟೈಲ್ಸ್ ಅಂಗಡಿ ಯಜಮಾನರು ಮಗಳಿಗೆ ಹುಟ್ಟುಹಬ್ಬಕ್ಕೆ ಅಂತ ಆ ರಾಕೆಟ್ ತಂದು ನಿಲ್ಲಿಸಿದಾರೆ. ಮೀಟಿಂಗ್ ಕರ್ದಿದೀನಿ.”

ಕೆಳಗೆ ಟಪಾಲು ಡಬ್ಬಿಗಳ ಮುಂದೆ ಮೀಟಿಂಗ್ ಆಗಲೇ ಕಾವೇರಿತ್ತು. ಹಲ್ಲಿನ ಡಾಕ್ಟರಮ್ಮ ಮೊದಲೇ ಬಾಯಿ ತೆರೆದಿದ್ದರು.

“ಹತ್ತೊಂಬತ್ತು ತುಂಬಿದ ಮಗುಗೆ ಇಷ್ಟು ಪವರ್ ಇರೋ ಕಾರಾ? ಸ್ಟೀರಿಂಗಿಗೆ ಮುಖ ಹೊಡ್ಕೊಂಡು ಮುಂದಿನ ಹಲ್ಲು ಕೈಯಲ್ಲಿ ಹಿಡ್ಕೊಂಡು ಬರೋ ಮಕ್ಕಳನ್ನ ನೋಡೋಳು ನಾನು. ಆ ವಯಸ್ಸಲ್ಲಿ ಕಾಲು ಮುಂದೆ ಹೋಗುತ್ತೆ, ಬುದ್ಧಿ ಹಿಂದಿನ ಸೀಟಲ್ಲಿ ಇರುತ್ತೆ.”

“ಅದರಲ್ಲಿ ಹಿಂದಿನ ಸೀಟೇ ಇಲ್ಲ,” ಎಂದರು ಸೆಕ್ರೆಟರಿ, ಇನ್ನಷ್ಟು ಗಾಬರಿಯಿಂದ.

ಟೈಲ್ಸ್ ಅಂಗಡಿಯ ಯಜಮಾನರು ಸೋಲುವವರಲ್ಲ. “ನನ್ನ ಮಗಳು ಇರುವೆ ಅಡ್ಡ ಬಂದ್ರೂ ಹಾರ್ನ್ ಹೊಡೀತಾಳೆ, ಅಷ್ಟು ಸೂಕ್ಷ್ಮ. ಆಸೆ ಪಡೋ ವಯಸ್ಸಲ್ಲಿ ಪಡದೆ ಇನ್ಯಾವಾಗ ಪಡಬೇಕು, ಹೇಳಿ. ನನ್ನ ಥರ ಮಂಡಿ ಹಿಡ್ಕೊಂಡ ಮೇಲಾ? ನಿನ್ನೆ ಈ ಕಾರಿಂದ ನನ್ನ ಎಳೆದು ಇಳಿಸೋಕೆ ಶೋರೂಮಿನ ಇಬ್ಬರು ಬೇಕಾಯ್ತು.”

ಆ ಮಾತು ಮೇಷ್ಟ್ರಿಗೆ ನೇರ ಎದೆಗೇ ತಾಗಿತು. ಅವರ ಮಂಡಿ ಈಗಾಗಲೇ ಮೆಟ್ಟಿಲು ಹತ್ತುವಾಗ ಸದ್ದು ಮಾಡುತ್ತಿತ್ತು.

ಇಷ್ಟೆಲ್ಲ ನಡೆಯುವಾಗ ಪುಟ್ಟಿ, ಅಂದರೆ ಕಾರಿನ ಒಡತಿ, ಟಪಾಲು ಡಬ್ಬಿಗೆ ಒರಗಿ ಉಗುರು ಕಚ್ಚುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಮೇಷ್ಟ್ರ ಹತ್ತಿರವೇ ಕಲಿತು ಹೋದ ತಿಂಗಳಷ್ಟೇ ಲೈಸೆನ್ಸ್ ತೆಗೆದುಕೊಂಡವಳು. ಕೊನೆಗೆ ಸೆಕ್ರೆಟರಿಯವರೇ ದಾರಿ ಹುಡುಕಿದರು. ಮೇಷ್ಟ್ರು ಪುಟ್ಟಿಯನ್ನು ಅದೇ ಕಾರಿನಲ್ಲಿ ಊರಾಚೆ ರಸ್ತೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಬೇಕು, ಸಂಜೆ ತೀರ್ಪು ಹೇಳಬೇಕು.

“ಒಪ್ಪಿದೆ,” ಎಂದರು ಯಜಮಾನರು. “ಮೇಷ್ಟ್ರು ಬೇಡ ಅಂದ್ರೆ ಕಾರು ಇವತ್ತೇ ವಾಪಸ್. ಸಂಜೆ ಒಳಗೆ ತಂದ್ರೆ ಬೇರೆ ಗಾಡಿ ಕೊಡ್ತೀವಿ ಅಂತ ಶೋರೂಮಿನವರು ಹೇಳಿದಾರೆ.”

ಮೀಟಿಂಗ್ ಚದುರಿದ ಮೇಲೆ ಅವರು ಮೆಟ್ಟಿಲ ಕೆಳಗೆ ಮೇಷ್ಟ್ರ ಕೈ ಹಿಡಿದರು. “ಹೂಂ ಅಂದುಬಿಡಿ ಮೇಷ್ಟ್ರೇ. ಆಮೇಲೆ ದಿನಾ ಬೆಳಿಗ್ಗೆ ನೀವೇ ಅವಳ ಜೊತೆ ಹೋಗಿ. ಅವಳು ಕಾಲೇಜಿಗೆ ಹೋದಾಗ ಕಾರು ನಿಂತೇ ಇರುತ್ತೆ, ಬ್ಯಾಟರಿ ಹಾಳಾಗುತ್ತೆ. ಆಗೆಲ್ಲ ನೀವೇ ಒಂದು ಸುತ್ತು ಹಾಕ್ಕೊಂಡು ಬಂದ್ರೆ ನನಗೂ ಉಪಕಾರ.”

ಮೇಷ್ಟ್ರ ಕಣ್ಣು ಕೆಂಪು ಕಾರಿನ ಕಡೆ ಹೋಯಿತು. ದಿನಾ. ಒಂದು ಸುತ್ತು. ತಾನೊಬ್ಬನೇ. ಹೊಸಬರ ಕೈಗೆ ಇಷ್ಟು ಜೋರಿನ ಕಾರು ಕೊಡಬಾರದು ಎಂದು ಕ್ಲಾಸಿನಲ್ಲಿ ಗಂಟಲು ಹರಿದುಕೊಂಡು ಹೇಳುತ್ತ ಬಂದವರು ಅವರೇ. ಈಗ ಆ ಮಾತು ಉಳಿಸಿಕೊಂಡರೆ ಕಾರು ಹೋಗುತ್ತದೆ, ಕಾರು ಉಳಿಸಿಕೊಂಡರೆ ಮಾತು ಹೋಗುತ್ತದೆ.

ಕಾರಿನ ಹತ್ತಿರ ಬಂದಾಗ ಅವರ ಕಾಲು ಅಭ್ಯಾಸಬಲದಿಂದ ಎಡಗಡೆ ಬಾಗಿಲಿಗೇ ಹೋಯಿತು. ಕೂರಲು ಹೋದವರು ಬಾವಿಗೆ ಬಿದ್ದವರಂತೆ ಸೀಟಿನೊಳಗೆ ಮಾಯವಾದರು. ಬಾಲ್ಕನಿಗಳಿಂದ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಪುಟ್ಟಿ ಬೆಲ್ಟು ಹಾಕಿ, ಕನ್ನಡಿ ನೋಡಿ, ಇನ್ನೊಂದು ಕನ್ನಡಿ ನೋಡಿ, ಮತ್ತೆ ಮೊದಲಿನದನ್ನು ನೋಡಿದಳು. ಸಾಕ್ಷಿ ಬೇಕಲ್ಲ ಎಂದು ಸೆಕ್ರೆಟರಿ ಸ್ಕೂಟರಿನಲ್ಲಿ ಹಿಂದೆ ಹೊರಟರು.

ಪುಟ್ಟಿ ಕಾರು ಓಡಿಸಿದ ರೀತಿಗೆ ಓಡಿಸುವುದು ಎನ್ನುವುದು ದೊಡ್ಡ ಮಾತು. ಹುಲಿಯನ್ನು ಹಗ್ಗ ಕಟ್ಟಿ ವಾಕಿಂಗಿಗೆ ಕರೆದುಕೊಂಡು ಹೋಗುವವಳ ಹಾಗೆ ಅವಳು ಮೆಲ್ಲಗೆ ಬೀದಿ ದಾಟಿಸಿದಳು. ಇಂಜಿನ್ ಒಳಗೊಳಗೇ ಗುರುಗುಟ್ಟುತ್ತಿತ್ತು. ಹೂಕೋಸಿನ ಬುಟ್ಟಿ ಹೇರಿದ ಸೈಕಲ್ಲೊಂದು ಅವರನ್ನು ದಾಟಿತು. ಸೈಕಲ್ಲಿನವನು ತಿರುಗಿ ನೋಡಿ, “ಕೆಟ್ಟು ನಿಂತಿದೆಯಾ ಅಕ್ಕಾ, ತಳ್ಳಬೇಕಾ?” ಎಂದು ಕೇಳಿದ. ಹಿಂದೆ ಸೆಕ್ರೆಟರಿ ಅಷ್ಟು ನಿಧಾನಕ್ಕೆ ಸ್ಕೂಟರ್ ನಿಭಾಯಿಸಲಾಗದೆ ಎರಡೂ ಕಾಲು ನೆಲಕ್ಕೆ ಕೊಟ್ಟು ಬಾತುಕೋಳಿಯಂತೆ ನಡೆಸಿಕೊಂಡು ಬರುತ್ತಿದ್ದರು.

ಇಷ್ಟು ನಿಧಾನದಲ್ಲೂ ಮೇಷ್ಟ್ರ ಬಲಗಾಲು ಸುಮ್ಮನಿರಲಿಲ್ಲ. ಪ್ರತಿ ತಿರುವಿಗೂ ಅದು ಬ್ರೇಕು ಹುಡುಕಿ ಬರೀ ನೆಲ ಒತ್ತುತ್ತಿತ್ತು. ಪುಟ್ಟಿ ಒಮ್ಮೆ ಕಣ್ಣ ಕೊನೆಯಲ್ಲಿ ಆ ಕಾಲನ್ನು ನೋಡಿದಳು.

ಊರಾಚೆಯ ರಸ್ತೆ ಬಂತು. ಖಾಲಿ, ಅಗಲ, ನೇರ. ಮೇಷ್ಟ್ರು ಜೀವಮಾನದಲ್ಲಿ ಯಾವ ಶಿಷ್ಯರಿಗೂ ಹೇಳದಿದ್ದ ಮಾತೊಂದನ್ನು ಹೇಳಿದರು.

“ಸ್ವಲ್ಪ ಒತ್ತಮ್ಮ.”

“ಬೇಡ ಸರ್. ‘ಕಾರು ಓಡಿಸೋದು ಅಂದ್ರೆ ನಿಲ್ಲಿಸೋಕೆ ಬರೋದು’ ಅಂತ ನೀವೇ ಹೇಳಿದ್ರಲ್ಲ.”

“ಅದು ಹೇಳಿದ್ದೆ. ಆದ್ರೂ ಇದು ಪರೀಕ್ಷೆ.”

“ನೀವು ಬೇಕು ಅಂತಾನೇ ಆಸೆ ತೋರಿಸ್ತಿದೀರ, ನಾನು ಒತ್ತುತೀನಾ ಇಲ್ವಾ ಅಂತ. ಒತ್ತಲ್ಲ ಸರ್,” ಎಂದು ಪುಟ್ಟಿ ಜಾಣತನದಿಂದ ನಕ್ಕಳು. ತಾವು ಇಷ್ಟು ಚೆನ್ನಾಗಿ ಕಲಿಸಬಾರದಿತ್ತು ಎಂದು ಮೇಷ್ಟ್ರಿಗೆ ಮೊದಲ ಸಲ ಅನ್ನಿಸಿತು.

“ಹಂಗಾದ್ರೆ ಗಾಡಿ ನಿಲ್ಸು,” ಎಂದರು. “ಗಾಡಿ ಹೆಂಗಿದೆ ಅಂತಾನೂ ನೋಡಬೇಕಲ್ಲ. ಈ ಕಡೆ ಬಾ.”

ಬಲಗಡೆ ಸೀಟಿನಲ್ಲಿ ಕೂತು ಸ್ಟೀರಿಂಗ್ ಮೇಲೆ ಕೈ ಇಟ್ಟಾಗ ಮೇಷ್ಟ್ರಿಗೆ ಬೀರುವಿನ ಬಾಗಿಲು ತೆರೆದು ಒಳಗೆ ಹೊಕ್ಕಂತಾಯಿತು. ಮೆಲ್ಲಗೆ ಒತ್ತಿದರು. ಕಾರು ಗರ್ಜಿಸಿ ಮುಂದಕ್ಕೆ ನೆಗೆಯಿತು. ನೆಗೆದದ್ದೇ ತಡ, ಇಷ್ಟು ವರ್ಷ ಅನ್ನ ಕೊಟ್ಟ ಅವರ ಬಲಗಾಲು ತನ್ನ ಕರ್ತವ್ಯ ನೆನೆದು ಬ್ರೇಕಿಗೆ ಹಾರಿತು. ಇಬ್ಬರೂ ಬೆಲ್ಟಿನಲ್ಲಿ ಜೋತಾಡಿದರು. ಮತ್ತೆ ಒತ್ತಿದರು. ಮತ್ತೆ ನೆಗೆತ, ಮತ್ತೆ ಬ್ರೇಕು. ಆ ಚೆಂದದ ಕಾರು ರಸ್ತೆಯುದ್ದಕ್ಕೂ ಕಪ್ಪೆಯ ಹಾಗೆ ಕುಪ್ಪಳಿಸಿತು. ಹಿಂದೆ ಬರುತ್ತಿದ್ದ ಸೆಕ್ರೆಟರಿ ಬೆದರಿ ಸ್ಕೂಟರ್ ಸಮೇತ ಹುಲ್ಲಿಗೆ ಇಳಿದುಬಿಟ್ಟರು.

ಮೇಷ್ಟ್ರು ಹಲ್ಲು ಕಚ್ಚಿ, ಕಾಲಿಗೆ ಮನಸ್ಸಿನಲ್ಲೇ ಬೈದು, ಇನ್ನೊಮ್ಮೆ ಒತ್ತಿದರು. ಈ ಸಲ ಕಾಲು ಮಾತು ಕೇಳಿತು. ಮರಗಳು ಹಿಂದಕ್ಕೆ ಹರಿದವು, ಹೊಟ್ಟೆಯಲ್ಲಿ ಚಿಕ್ಕಂದಿನ ಜೋಕಾಲಿ ತೂಗಿದಂತಾಯಿತು. ಒಂದು ಸೀನು ಬಂದು ಹೋಗುವಷ್ಟು ಹೊತ್ತು ಅವರು ಯಾರ ಮೇಷ್ಟ್ರೂ ಆಗಿರಲಿಲ್ಲ.

“ಬ್ರೇಕ್,” ಎಂದು ಎಡಗಡೆಯಿಂದ ಪುಟ್ಟಿಯ ಗದರಿಕೆ ಬಂತು. ಅವರದೇ ಧಾಟಿ, ಅವರದೇ ಗಂಟಲು. ಅವರ ಕಾಲು ಎರಡನೇ ಮಾತಿಲ್ಲದೆ ಪಾಲಿಸಿತು. ಕಾರು ನಿಂತಿತು.

ಮೇಷ್ಟ್ರು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣುತ್ತಿರಲಿಲ್ಲ. ಪುಟ್ಟಿ ಅದನ್ನು ನೋಡಿದಳು, ಪೆಡಲುಗಳ ಮೇಲೆ ನಡುಗುತ್ತಿದ್ದ ಅವರ ಕಾಲನ್ನೂ ನೋಡಿದಳು. “ಸಾಕು ಸರ್, ಮನೆಗೆ ಹೋಗೋಣ,” ಎಂದಳು ಮೃದುವಾಗಿ. ಮನೆಯವರೆಗೂ ಅವಳೇ ಓಡಿಸಿದಳು, ಇನ್ನೂ ನಿಧಾನವಾಗಿ.

ಮಧ್ಯಾಹ್ನದ ಕ್ಲಾಸಿನಲ್ಲಿ ಮೇಷ್ಟ್ರ ಮನಸ್ಸು ಊರಾಚೆಯ ರಸ್ತೆಯಲ್ಲೇ ಇತ್ತು. ಹೊಸದಾಗಿ ಸೇರಿದ್ದ ಬ್ಯಾಂಕಿನ ಗುಮಾಸ್ತರು ಬಿಳಿ ಕಾರನ್ನು ನೆಟ್ಟಗೆ ಕಸದ ತೊಟ್ಟಿಗೆ ಬಿಟ್ಟರು. “ಸರ್, ನೀವು ಒತ್ತುತೀರ ಅಂತ ನಾನು ಸುಮ್ಮನಿದ್ದೆ,” ಎಂದರು ಅವರು, ಬಾನೆಟ್ಟಿನ ಮೇಲೆ ಹರಡಿದ ಸಿಪ್ಪೆಗಳನ್ನು ಪೆಚ್ಚಾಗಿ ನೋಡುತ್ತ. ಮೇಷ್ಟ್ರಿಗೆ ಬೇಸರವೇ ಆಗಲಿಲ್ಲ. ಅಷ್ಟು ಹೊತ್ತಿಗೆ ಅವರು ತೀರ್ಮಾನ ಮಾಡಿಯಾಗಿತ್ತು.

ಸಂಜೆ ಎಲ್ಲರೂ ಟಪಾಲು ಡಬ್ಬಿಗಳ ಮುಂದೆ ಸೇರಿದರು. ಸೆಕ್ರೆಟರಿಯ ಪ್ಯಾಂಟಿನ ಮೇಲೆ ಹುಲ್ಲಿನ ಕಲೆಯಿತ್ತು. ಯಜಮಾನರೂ ಪುಟ್ಟಿಯೂ ಇನ್ನೂ ಬಂದಿರಲಿಲ್ಲ, ಕೆಂಪು ಕಾರೂ ಇರಲಿಲ್ಲ. ಅಪ್ಪ ಮಗಳು ಒಂದು ಸುತ್ತು ಹೋಗಿರಬೇಕು ಎಂದುಕೊಂಡರು ಮೇಷ್ಟ್ರು. ಹೋಗಲಿ, ನಾಳೆಯಿಂದ ತಮ್ಮ ಸುತ್ತು.

“ಹೇಳಿ ಮೇಷ್ಟ್ರೇ,” ಎಂದರು ಡಾಕ್ಟರಮ್ಮ. “ಬೇಡ ಅಂತಾನೇ ಹೇಳ್ತೀರ, ನಮಗೆ ಗೊತ್ತು.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಯ ಕಡೆ ನೋಡಲಿಲ್ಲ. “ಕೊಡಬಹುದು,” ಎಂದರು. “ಹುಡುಗಿ ಜವಾಬ್ದಾರಿ ಇರೋಳು. ಚಿಕ್ಕವರ ಆಸೆಗೆ ದೊಡ್ಡವರು ಅಡ್ಡ ನಿಲ್ಲಬಾರದು. ಜೊತೆಗೆ ಅನುಭವ ಇರೋರು ಯಾರಾದ್ರೂ ಇದ್ದರೆ ಆಯ್ತು.”

ಸಭೆ ದಂಗಾಯಿತು. “ಬ್ರೇಕ್ ಮೇಷ್ಟ್ರೇ ಹಿಂಗಂದ್ರೆ ನಮ್ಮ ಮಕ್ಕಳನ್ನ ನಿಮ್ಮ ಹತ್ರ ಹೆಂಗ್ರೀ ಕಳಿಸೋದು?” ಎಂದು ಡಾಕ್ಟರಮ್ಮ ಅಲ್ಲೇ ತಮ್ಮ ಮಗನ ಹೆಸರು ವಾಪಸ್ ತೆಗೆದುಕೊಂಡರು. ಸೆಕ್ರೆಟರಿ ಬೆಳಗಿನ ಕಪ್ಪೆ ಕುಪ್ಪಳಿಕೆಯನ್ನು ಅಭಿನಯಿಸಿಯೇ ತೋರಿಸಿದರು. ಮೇಷ್ಟ್ರ ಮುಖ ಹುಳ್ಳಗಾಯಿತು, ಆದರೂ ಸಹಿಸಿಕೊಂಡರು. ಮಾನ ಹೋದರೆ ಹೋಗಲಿ, ಕಾರಿದೆಯಲ್ಲ.

ಆಗ ಗೇಟಿನ ಬಳಿ ಹಾರ್ನ್ ಕೇಳಿಸಿತು. ಕೀರಲು ಧ್ವನಿಯ, ಸಣ್ಣ ಹಾರ್ನ್. ಒಳಗೆ ಬಂದದ್ದು ಹೊಚ್ಚ ಹೊಸ ಪುಟ್ಟ ಕಾರು. ಕೆಂಪು ಬಣ್ಣದ್ದು. ತಲೆಯ ಮೇಲೆ ಮೇಷ್ಟ್ರ ಡ್ರೈವಿಂಗ್ ಸ್ಕೂಲಿನ ಬೋರ್ಡು.

ಪುಟ್ಟಿ ಇಳಿದು ಬಂದು ಮೇಷ್ಟ್ರ ಕಾಲಿಗೆ ಬಗ್ಗಿದಳು, ಅದೂ ಬಲಗಾಲಿಗೇ. “ಅದನ್ನ ವಾಪಸ್ ಕೊಟ್ಬಿಟ್ವಿ ಸರ್. ನನಗೆ ಬೇಕಾಗೇ ಇರಲಿಲ್ಲ, ಅಪ್ಪನಿಗೇ ಆಸೆ. ಬೆಳಿಗ್ಗೆ ನೀವು ಬ್ರೇಕಿಲ್ಲದೆ ಎಷ್ಟು ಒದ್ದಾಡಿದ್ರಿ, ನಾನೇ ನೋಡ್ತಿದ್ನಲ್ಲ. ಪಾಪ, ಕಣ್ಣಲ್ಲಿ ನೀರೇ ಬಂತು. ನನ್ನ ಸಲುವಾಗಿ ಅಷ್ಟು ಹೆದರಿಕೆ ತಡ್ಕೊಂಡ್ರಿ. ಅಪ್ಪನ ಹತ್ರ ಹಟ ಮಾಡಿ ಅದರ ಬದಲು ಇದನ್ನ ತಗೊಂಡೆ. ನಿಮಗೇ ಸರ್, ನನ್ನ ಕಾಣಿಕೆ. ಎಡಗಡೆಗೆ ಬ್ರೇಕು ಆಗ್ಲೇ ಹಾಕಿಸಿದೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡು, ಬಿಲ್ಡಿಂಗಿನಲ್ಲಿ ಬುದ್ಧಿಯಿರುವುದು ಆ ಮಗು ಒಂದಕ್ಕೇ ಎಂದರು. ಯಜಮಾನರು ಮೇಷ್ಟ್ರನ್ನು ನೋಡಿದರು, ಮೇಷ್ಟ್ರು ಯಜಮಾನರನ್ನು ನೋಡಿದರು.

“ಖುಷಿ ಆಯ್ತಾ ಸರ್?”

“ಆಯ್ತಮ್ಮ,” ಎಂದರು ಮೇಷ್ಟ್ರು.

ಎಲ್ಲರೂ ಮೇಲೆ ಹೋದ ಮೇಲೆ ಅವರು ಹೊಸ ಕಾರಿನ ಎಡಗಡೆ ಸೀಟಿನಲ್ಲಿ ಒಬ್ಬರೇ ಕೂತರು. ಸ್ವಲ್ಪ ಹೊತ್ತಿಗೆ ಬಲಗಡೆ ಬಾಗಿಲು ತೆರೆಯಿತು. ಹೆಂಡತಿ ಬಂದು ಸ್ಟೀರಿಂಗ್ ಮುಂದೆ ಕೂತಳು. ಊರಿಗೆಲ್ಲ ಕಲಿಸಿದ ಗಂಡ ಮೊದಲ ದಿನವೇ ಗದರಿದನೆಂದು ಅವಳು ಕಾರು ಕಲಿತಿರಲಿಲ್ಲ. ಬೀಗದ ಕೈ ಕೂಡ ಮೇಷ್ಟ್ರ ಜೇಬಿನಲ್ಲೇ ಇತ್ತು.

ಅವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮುಂದಿನ ಗೋಡೆಯನ್ನೇ ದೂರದ ರಸ್ತೆಯೆಂಬಂತೆ ನೋಡಿದಳು.

“ಹೇಳಿ, ಎಷ್ಟು ಜೋರಾಗಿ ಹೋಗ್ಬೇಕು?”

ಮೇಷ್ಟ್ರೂ ಆ ಗೋಡೆಯನ್ನೇ ನೋಡಿದರು. “ತುಂಬಾ ಜೋರಾಗಿ,” ಎಂದರು.

“ಹಂಗಾದ್ರೆ ಮೊದಲು ಬ್ರೇಕಿಂದ ಕಾಲು ತೆಗೀರಿ,” ಎಂದಳು ಅವಳು.